ಓದುಗರ ಪ್ರಶ್ನೆ, ನಮ್ಮ ಉತ್ತರ: ಮಳೆಯ ಚಿಂತೆ, ಹವಾಮಾನದ ಚಿಂತೆ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬೆಳೆ ವಿಮೆ, ಪಿಂಚಣಿ, ಖಾತೆ ಬದಲಾವಣೆಯಂಥ ವಿಚಾರಗಳೇ ಹೆಚ್ಚು. ಕಳೆದ ಸಂಚಿಕೆಯಲ್ಲಿ ಹವಾಮಾನ ಬದಲಾವಣೆಯ ಕುರಿತ ಜನಾಭಿಪ್ರಾಯದ ಬಗ್ಗೆ ನಾವು ಬರೆದ ನಾಲ್ಕು ಸಾಲಿನ ಟಿಪ್ಪಣಿಗೆ ಮಾತ್ರ ನಿರೀಕ್ಷೆಗೂ ಮೀರಿ ಪತ್ರಗಳು ಬಂದಿವೆ. ಅವುಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ. ಪತ್ರ ಬರೆದವರ ಹೆಸರುಗಳನ್ನು ವಾಡಿಕೆಯಂತೆ ಕೈಬಿಟ್ಟು ಊರುಗಳನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನಾನು ಸಮಾಜಶಾಸ್ತ್ರದ ಎಂ.ಎ. ವಿದ್ಯಾರ್ಥಿನಿ. ಕಿರು ಪ್ರಬಂಧಕ್ಕಾಗಿ ನಮ್ಮ ತಾಲೂಕಿನ ಮೂರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, "ಹವಾಮಾನ ಬದಲಾವಣೆಯ ಬಗ್ಗೆ ನಿಮಗೆ ಆತಂಕವಿದೆಯೇ?" ಎಂದು ಕೇಳಿದೆ. ಬಹಳಷ್ಟು ಜನ ಅದೇನೆಂದು ತಮಗೆ ಗೊತ್ತಿಲ್ಲವೆಂದರು. ಒಬ್ಬ ಅಜ್ಜಿ, "ಹೌದವ್ವಾ, ಮೊನ್ನಿಯಿಂದ ಹವಾ ಬದಲಾಗೈತಿ, ನನಗೂ ನೆಗಡಿ ಹಿಡದೈತಿ" ಎಂದರು. ನಮ್ಮ ಭಾಗದ ಜನರಿಗೆ ಈ ಬಗ್ಗೆ ಕಾಳಜಿ ಇಲ್ಲವೆಂದು ಬರೆಯಬಹುದೇ? (ವಿಜಯಪುರ)

ಉತ್ತರ: ಬರೆಯಬಾರದು. ನೀವು ಸಂಗ್ರಹಿಸಿದ ಉತ್ತರಗಳಲ್ಲಿ ದೋಷವಿಲ್ಲ. ದೋಷವಿರುವುದು ಕೇಳಿದ ಮಾತಿನಲ್ಲಿ, ಮತ್ತು ಆ ಮಾತನ್ನು ರೂಢಿಗೆ ತಂದವರು ನಮ್ಮಂಥ ಪತ್ರಿಕೆಯವರು. ಶಾಲೆಯ ಭೂಗೋಳ ಪಾಠದಲ್ಲಿ ದಿನದಿನಕ್ಕೆ ಬದಲಾಗುವ ಬಿಸಿಲು, ಗಾಳಿ, ಮಳೆಗಳನ್ನು ಹವಾಮಾನವೆಂದೂ, ಹಲವು ದಶಕಗಳ ಅವುಗಳ ಸರಾಸರಿ ಸ್ವರೂಪವನ್ನು ವಾಯುಗುಣವೆಂದೂ ಬೇರೆ ಬೇರೆಯಾಗಿ ಕಲಿಸುತ್ತಾರೆ. ಪತ್ರಿಕೆ ಮತ್ತು ಟಿ.ವಿ. ಎರಡನೆಯದಕ್ಕೂ ಮೊದಲನೆಯದರ ಹೆಸರನ್ನೇ ಕೊಟ್ಟು ಹವಾಮಾನ ಬದಲಾವಣೆ ಎನ್ನುತ್ತವೆ. ಹಳ್ಳಿಯ ಮಾತಿನಲ್ಲಿ ಹವಾ ಬದಲಾಗುವುದೆಂದರೆ ಮೋಡ ಕವಿಯುವುದು, ಥಂಡಿ ಬೀಳುವುದು, ಮಕ್ಕಳಿಗೆ ಕೆಮ್ಮು ಹಿಡಿಯುವುದು. ಆ ಅಜ್ಜಿ ಕೇಳಿದ ಪ್ರಶ್ನೆಗೆ ಸರಿಯಾಗಿಯೇ ಉತ್ತರ ಕೊಟ್ಟಿದ್ದಾರೆ.

ಇದು ನಿಮ್ಮ ಮೂರು ಹಳ್ಳಿಗಳ ಸಂಗತಿ ಮಾತ್ರವಲ್ಲ. ಗ್ಯಾಲಪ್ ಸಂಸ್ಥೆ 2007-08ರಲ್ಲಿ 119 ದೇಶಗಳಲ್ಲಿ ಕಲೆಹಾಕಿದ ಉತ್ತರಗಳನ್ನು ಆಧರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಜಗತ್ತಿನ ವಯಸ್ಕರಲ್ಲಿ ಸುಮಾರು ಶೇ. 40ರಷ್ಟು ಮಂದಿ ಹವಾಮಾನ ಬದಲಾವಣೆಯ ಹೆಸರನ್ನೇ ಕೇಳಿರಲಿಲ್ಲ. ಭಾರತದಲ್ಲಿ ಆ ಪ್ರಮಾಣ ಶೇ. 65ರ ಆಸುಪಾಸಿನಲ್ಲಿತ್ತು. ಮುಂದೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡವು ಸಿ-ವೋಟರ್ ಸಂಸ್ಥೆಯ ಜೊತೆಗೂಡಿ 2021ರ ಅಕ್ಟೋಬರ್‌ನಿಂದ 2022ರ ಜನವರಿಯವರೆಗೆ 4,619 ಭಾರತೀಯರನ್ನು ಮಾತನಾಡಿಸಿದಾಗಲೂ, ಜಾಗತಿಕ ತಾಪಮಾನ ಏರಿಕೆಯ ಬಗ್ಗೆ ಸ್ವಲ್ಪ ಮಾತ್ರ ಗೊತ್ತು ಅಥವಾ ಕೇಳಿಯೇ ಇಲ್ಲ ಎಂದವರು ಶೇ. 54ರಷ್ಟಿದ್ದರು. ಆದರೆ ಕಳೆದ 150 ವರ್ಷಗಳಿಂದ ಭೂಮಿಯ ಸರಾಸರಿ ತಾಪಮಾನ ಏರುತ್ತಿದೆ, ಮುಂದೆಯೂ ಏರಬಹುದು, ಅದರಿಂದ ವಾಯುಗುಣ ಬದಲಾಗಬಹುದು ಎಂಬ ಎರಡು ಸಾಲಿನ ವಿವರಣೆಯನ್ನು ಓದಿ ಹೇಳಿದ ಮೇಲೆ ಅದೇ ಜನರಲ್ಲಿ ಶೇ. 84ರಷ್ಟು ಮಂದಿ ಅದು ನಡೆಯುತ್ತಿದೆ ಎಂದರು, ಶೇ. 81ರಷ್ಟು ಮಂದಿ ತಮಗೆ ಆತಂಕವಿದೆ ಎಂದರು, ಶೇ. 74ರಷ್ಟು ಮಂದಿ ಅದರ ಪರಿಣಾಮವನ್ನು ತಾವೇ ಅನುಭವಿಸಿದ್ದೇವೆ ಎಂದರು. ಹೆಸರು ಹೇಳಿ ಕೇಳಿದರೆ ಅರ್ಧಕ್ಕೂ ಹೆಚ್ಚು ಮಂದಿಗೆ ಸರಿಯಾಗಿ ತಿಳಿಯದ ಸಂಗತಿಯೇ ಬಿಡಿಸಿ ಹೇಳಿದರೆ ಐವರಲ್ಲಿ ನಾಲ್ವರ ಆತಂಕವಾಗುತ್ತದೆ.

ನಾವು ಕಣ್ಣಾರೆ ಕಂಡ ಒಂದು ನಿದರ್ಶನವನ್ನೂ ಹೇಳಬೇಕು. ಒಂದು ಮಾರ್ಚ್ ತಿಂಗಳ ಸಂಜೆ ತಿಕೋಟಾ ಕಡೆಯ ಒಣದ್ರಾಕ್ಷಿ ಶೆಡ್ಡಿನಲ್ಲಿ ಕುಳಿತಿದ್ದೆವು. ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಯ ಮೇಲೆ ದ್ರಾಕ್ಷಿ ಹರವಿ ವಾರವಾಗಿತ್ತು. ಕಾಳು ಇನ್ನೂ ಪೂರ್ತಿ ಸುಕ್ಕುಗಟ್ಟಿರಲಿಲ್ಲ, ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಪಡುವಣದಲ್ಲಿ ಮೋಡ ಕಾಣಿಸಿದ್ದೇ ತಡ, ಮಾತನಾಡುತ್ತಿದ್ದ ರೈತರು ಎದ್ದು ಮಕ್ಕಳನ್ನು ಕೂಗಿ ಕರೆದು ಶೆಡ್ಡಿನ ಬದಿಗೆ ತಾಡಪತ್ರಿ ಇಳಿಬಿಡತೊಡಗಿದರು. "ಮಳಿ ಬಿದ್ರ ಬಣ್ಣ ಹೋತು, ಬಣ್ಣ ಹೋದ್ರ ರೇಟ್ ಹೋತು" ಎಂದರು. ಹವಾಮಾನ ಬದಲಾವಣೆಯ ಬಗ್ಗೆ ಏನೆನ್ನುತ್ತೀರೆಂದು ಕೇಳಿದಾಗ ಬಂದ ಉತ್ತರ, "ಅದೆಲ್ಲಾ ಟೀವ್ಯಾಗಿನ ಮಾತ್ರೀ." ಮೋಡ ಸರಿದ ಮೇಲೆ ಅವರಾಗಿಯೇ ಒಂದು ಹಳೆಯ ನೋಟುಬುಕ್ಕು ತಂದು ತೋರಿಸಿದರು. ಪ್ರತಿ ವರ್ಷ ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಯಾವ ದಿನ ಮಾಡಿದ್ದು, ಅನಂತರ ಯಾವ ಯಾವ ದಿನ ಮಳೆ ಅಥವಾ ಮಂಜು ಬಿದ್ದದ್ದು, ಡೌನಿ ರೋಗಕ್ಕೆ ಎಷ್ಟು ಸಲ ಔಷಧ ಹೊಡೆದದ್ದು, ಎಲ್ಲವೂ ಅದರಲ್ಲಿತ್ತು. ಹಿಂದಿನ ಪುಟಗಳಲ್ಲಿ ಒಂದೊಂದು ಹಂಗಾಮಿನ ಲೆಕ್ಕ ಅರ್ಧ ಪುಟದಲ್ಲಿ ಮುಗಿದರೆ, ಈಚಿನವು ಪುಟ ತುಂಬಿ ಅಂಚಿಗೂ ಹತ್ತಿದ್ದವು. ಆ ಅಂಚಿನ ಬರಹವನ್ನು ಆತಂಕವೆಂದು ಕರೆಯದೆ ಬೇರೇನೆಂದು ಕರೆಯುವುದು? ನಿಮ್ಮ ನಮೂನೆಯಲ್ಲಿ ಅವರು "ಗೊತ್ತಿಲ್ಲ" ಎಂಬ ಕಲಮಿನಲ್ಲಿ ಕೂಡುತ್ತಾರೆ.

ಆದ್ದರಿಂದ ಇನ್ನೊಮ್ಮೆ ಅದೇ ಮನೆಗಳಿಗೆ ಹೋಗಿರಿ. ನಿಮ್ಮ ತಂದೆ ಯಾವ ಮಳೆಗೆ ಬಿತ್ತುತ್ತಿದ್ದರು, ನೀವು ಯಾವ ಮಳೆಗೆ ಬಿತ್ತುತ್ತೀರಿ? ಮಿರಗದ (ಮೃಗಶಿರಾ) ಮಳೆಯ ಮೇಲೆ ನಂಬಿಕೆ ಇಟ್ಟು ಬೀಜ ತರುತ್ತೀರಾ? ಯಾವ ಬೆಳೆಯನ್ನು ಕೈಬಿಟ್ಟಿರಿ, ಏಕೆ? ಮಳೆ ಹೆಚ್ಚಾಗಿ ಬೆಳೆ ಹಾಳಾಗುವ ಹಸಿ ಬರ ಎಷ್ಟು ವರ್ಷಕ್ಕೊಮ್ಮೆ ಬರುತ್ತಿದೆ? ಹೀಗೆ ಕೇಳಿ, ಕೊನೆಗೆ ನಿಮ್ಮ ಮೊದಲಿನ ಪ್ರಶ್ನೆಯನ್ನೂ ಕೇಳಿರಿ. ಎರಡೂ ಬಗೆಯ ಉತ್ತರಗಳು ಒಂದೇ ಹಾಳೆಯಲ್ಲಿದ್ದರೆ ನಿಮ್ಮ ಪ್ರಬಂಧಕ್ಕೆ ತೂಕ ಬರುತ್ತದೆ. ಒಂದು ಎಚ್ಚರಿಕೆ ಮಾತ್ರ ಇರಲಿ. ಮಳೆಯ ಚಿಂತೆಯನ್ನೆಲ್ಲ ಹವಾಮಾನ ಬದಲಾವಣೆಯ ಅರಿವೆಂದು ಲೆಕ್ಕ ಹಾಕಿದರೆ ಅದು ಎದುರು ಬದಿಯ ತಪ್ಪಾಗುತ್ತದೆ. ಪರಿಣಾಮ ಕಂಡಿದೆ ಎನ್ನುವುದು ಬೇರೆ, ಕಾರಣ ಗೊತ್ತಿದೆ ಎನ್ನುವುದು ಬೇರೆ. ಯೇಲ್ ಸಮೀಕ್ಷೆಯಲ್ಲೂ ಇದಕ್ಕೆ ಮುಖ್ಯವಾಗಿ ಮನುಷ್ಯನ ಚಟುವಟಿಕೆಗಳೇ ಕಾರಣವೆಂದವರು ಶೇ. 57 ಮಾತ್ರ. ನಮ್ಮಲ್ಲಿ ಕಾರಣ ಕೇಳಿದರೆ ಗಿಡ ಕಡಿದದ್ದು ಎನ್ನುವವರಿದ್ದಾರೆ, ಕಲಿಗಾಲ ಎನ್ನುವವರಿದ್ದಾರೆ. ಕಲ್ಲಿದ್ದಲು ಮತ್ತು ಡೀಸೆಲ್ಲಿನ ಹೊಗೆ ಎನ್ನುವವರು ಕಡಿಮೆ. ಈ ಅಂತರವನ್ನು ದಾಖಲಿಸುವುದು ನಿಮ್ಮ ಕೆಲಸಕ್ಕೆ ಹೆಚ್ಚು ಉಪಯುಕ್ತವೆಂದು ನಮ್ಮ ಅನಿಸಿಕೆ.

ಪ್ರಶ್ನೆ: ಬರ, ನೆರೆ ಎರಡೂ ನಮ್ಮ ಮುತ್ತಜ್ಜನ ಕಾಲಕ್ಕೂ ಇದ್ದವು. ಈಗಿನವರು ಅದಕ್ಕೊಂದು ಹೊಸ ಹೆಸರಿಟ್ಟು ಜನರನ್ನು ಹೆದರಿಸುತ್ತಿದ್ದಾರೆ ಎಂದು ನನಗನ್ನಿಸುತ್ತದೆ. ತಾವೇನೆನ್ನುತ್ತೀರಿ? (ಇಂಡಿ ತಾಲೂಕು)

ಉತ್ತರ: ತಮ್ಮ ಮಾತಿನ ಮೊದಲ ಭಾಗವನ್ನು ನಾವು ಪೂರ್ತಿ ಒಪ್ಪುತ್ತೇವೆ. ಸತ್ತವರನ್ನು ಹೂಳುವವರಿಲ್ಲದೆ ಬುರುಡೆಗಳು ಹೊಲದಲ್ಲಿ ಬಿದ್ದವೆಂಬ ಕಾರಣಕ್ಕೆ ಡೋಗಿ ಬರವೆಂದು ಹೆಸರಾದ 1791-92ರ ಕ್ಷಾಮವಾಗಲಿ, 1876-78ರ ಮಹಾಕ್ಷಾಮವಾಗಲಿ, ಹಿರಿಯರು ಇನ್ನೂ ನೆನೆಯುವ 1972ರ ಬರವಾಗಲಿ, ಈಗಿನ ಯಾವ ಬರಕ್ಕಿಂತಲೂ ಕ್ರೂರವಾಗಿದ್ದವು. ರೈಲಿನಲ್ಲಿ ಧಾನ್ಯ ಬರುವುದು, ಪಡಿತರ ಸಿಗುವುದು, ಟ್ಯಾಂಕರ್ ನೀರು ಬರುವುದು ಇವೆಲ್ಲ ಇಲ್ಲದ ಅಥವಾ ಅರೆಬರೆ ಇದ್ದ ಕಾಲವದು. "ಡೋಣಿ ಹರಿದರೆ ಓಣಿಯೆಲ್ಲ ಕಾಳು" ಎಂಬ ಗಾದೆ ಹುಟ್ಟಿದ್ದೇ ಡೋಣಿ ಹೊಳೆ ಹರಿಯುವುದು ಖಾತ್ರಿ ಇರಲಿಲ್ಲವೆಂಬ ಕಾರಣಕ್ಕೆ. ಪ್ರತಿ ವರ್ಷ ತಪ್ಪದೆ ಹರಿಯುವ ಹೊಳೆಯ ಮೇಲೆ ಯಾರೂ ಅಂಥ ಗಾದೆ ಕಟ್ಟುವುದಿಲ್ಲ.

ಎರಡನೆಯ ಭಾಗಕ್ಕೆ ನಮ್ಮ ಒಪ್ಪಿಗೆ ಇಲ್ಲ. ಬರ ಬಂದಿತೆಂಬುದು ಎಂದೂ ಪುರಾವೆಯಾಗಿರಲಿಲ್ಲ. ಸರಾಸರಿ ಸರಿಯುತ್ತಿರುವುದೇ ಪುರಾವೆ. ಹವಾಮಾನಶಾಸ್ತ್ರಜ್ಞರು 30 ವರ್ಷಗಳ ಸರಾಸರಿಯನ್ನು ಅಳತೆಗೋಲಾಗಿ ಇಟ್ಟುಕೊಳ್ಳುವುದು ಒಂದು ಒಳ್ಳೆಯ ವರ್ಷ ಅಥವಾ ಒಂದು ಕೆಟ್ಟ ವರ್ಷ ಕಣ್ಣಿಗೆ ಮಣ್ಣೆರಚದಿರಲೆಂದು. ಕೇಂದ್ರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯ ಪ್ರಕಾರ 1901ರಿಂದ 2018ರ ನಡುವೆ ಭಾರತದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿದೆ. 1951ರಿಂದ 2015ರ ನಡುವೆ ಮುಂಗಾರು ಮಳೆ ಒಟ್ಟಾರೆ ಸುಮಾರು ಶೇ. 6ರಷ್ಟು ತಗ್ಗಿದೆ, ಮತ್ತು ಆ ಇಳಿಕೆ ಎದ್ದು ಕಾಣುವ ಪ್ರದೇಶಗಳಲ್ಲಿ ಪಶ್ಚಿಮ ಘಟ್ಟವೂ ಒಂದು. ಕೃಷ್ಣೆ, ಭೀಮೆ, ಘಟಪ್ರಭೆ, ಮಲಪ್ರಭೆ ಎಲ್ಲವೂ ಘಟ್ಟದಲ್ಲೇ ಹುಟ್ಟುವುದರಿಂದ ಅಲ್ಲಿಯ ಲೆಕ್ಕ ನಮ್ಮ ಕಾಲುವೆಯ ಲೆಕ್ಕವೂ ಹೌದು. ಇನ್ನೊಂದು ಬದಿಯಲ್ಲಿ, ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಒಣ ದಿನಗಳು ಉದ್ದವಾಗುತ್ತ ಹೋದಂತೆ ಮಳೆ ಬಂದ ದಿನ ಒಮ್ಮೆಲೇ ಸುರಿಯುವುದರಲ್ಲಿ ವಿರೋಧವೇನಿಲ್ಲ.

ಆದರೆ ನೆರೆ ಬಂದಾಗಲೆಲ್ಲ ಹವಾಮಾನ ಬದಲಾವಣೆಯೆಂದು ಕೈತೊಳೆದುಕೊಳ್ಳುವವರನ್ನೂ ನಂಬಬೇಡಿ. 2019ರ ಆಗಸ್ಟಿನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳೊಳಗೆ ನುಗ್ಗಿದಾಗ ಮೇಲೆ ಘಟ್ಟದಲ್ಲಿ ಸುರಿದ ಮಳೆಯ ಪಾಲಿತ್ತು, ಜಲಾಶಯದಿಂದ ನೀರು ಬಿಟ್ಟ ಹೊತ್ತಿನ ಪಾಲಿತ್ತು, ಹೊಳೆಯ ದಂಡೆಯವರೆಗೆ ಉತ್ತು ಕಟ್ಟಿಕೊಂಡ ನಮ್ಮೆಲ್ಲರ ಪಾಲೂ ಇತ್ತು. ನಾಲ್ಕೇ ವರ್ಷಗಳ ನಂತರ, 2023ರಲ್ಲಿ, ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ಒಂದೇ ಊರಿನವರು ನೆರೆ ಪರಿಹಾರಕ್ಕೂ ಬರ ಪರಿಹಾರಕ್ಕೂ ಇಷ್ಟು ಕಡಿಮೆ ಅಂತರದಲ್ಲಿ ಅರ್ಜಿ ಹಾಕಿದ್ದು ತಮ್ಮ ಮುತ್ತಜ್ಜನ ಕಾಲದಲ್ಲಿ ಉಂಟೇ ಎಂದು ಮನೆಯ ಹಿರಿಯರನ್ನು ಕೇಳಿ ನೋಡಿರಿ. ಉತ್ತರ ಏನು ಬಂದರೂ ನಮಗೆ ಬರೆದು ತಿಳಿಸಿರಿ.

ಪ್ರಶ್ನೆ: ಫೋನಿನಲ್ಲಿ ನಾಲ್ಕೈದು ಸಾವಿರ ಜನರನ್ನು ಕೇಳಿ ನೂರನಲವತ್ತು ಕೋಟಿ ಜನರ ಅಭಿಪ್ರಾಯ ಹೇಳುವುದು ಹೇಗೆ ಸಾಧ್ಯ? (ಜಮಖಂಡಿ)

ಉತ್ತರ: ಆಯ್ಕೆ ಸರಿಯಾಗಿದ್ದರೆ ಸಾಧ್ಯ. ಪಲ್ಯದ ರುಚಿ ನೋಡಲು ಇಡೀ ಪಾತ್ರೆ ತಿನ್ನಬೇಕಾಗಿಲ್ಲ, ಚೆನ್ನಾಗಿ ಕಲಸಿ ಒಂದು ಚಮಚ ತೆಗೆದರೆ ಸಾಕು. ತೊಡಕು ಬರುವುದು ಕಲಸುವುದರಲ್ಲಿ. ಮನೆಯ ಫೋನು ಗಂಡಸಿನ ಕಿಸೆಯಲ್ಲಿದ್ದರೆ ಹೆಂಗಸಿನ ಮಾತು ಕೇಳಿಸುವುದಿಲ್ಲ. ಗುಳೆ ಹೋದವರ ಫೋನು ಗೋವೆಯಲ್ಲೋ ಸಾಂಗ್ಲಿಯಲ್ಲೋ ಇರುತ್ತದೆ. ಕೇಳುವ ಹೊತ್ತೂ ಉತ್ತರವನ್ನು ಎಳೆಯುತ್ತದೆ. ಅಮೆರಿಕ ಮತ್ತು ಆಸ್ಟ್ರೇಲಿಯದ ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಈ ದಿನ ಎಂದಿಗಿಂತ ಬಿಸಿಯಾಗಿದೆ ಎಂದು ಅನ್ನಿಸಿದವರು ಜಾಗತಿಕ ತಾಪಮಾನ ಏರಿಕೆಯನ್ನು ಹೆಚ್ಚು ನಂಬಿದ್ದರು. ವಿಜಯಪುರದಲ್ಲಿ ಮೇ ತಿಂಗಳ ಮಧ್ಯಾಹ್ನ ಕೇಳಿದರೆ ಒಂದು ಉತ್ತರ ಬಂದೀತು; ಎಳ್ಳಮಾಸಿಯ ದಿನ ಬಿಳಿಜೋಳದ ಹೊಲದಲ್ಲಿ ಚರಗ ಚೆಲ್ಲಿ ಊಟಕ್ಕೆ ಕುಳಿತವರನ್ನು ಕೇಳಿದರೆ ಬೇರೆಯದೇ ಬಂದೀತು.

ಪ್ರಶ್ನೆ: ಹೊಗೆ ಬಿಟ್ಟು ಶ್ರೀಮಂತರಾದವರು ಪರದೇಶದವರು. ಬೆವರು ಸುರಿಸುವವರು ಮಾತ್ರ ನಾವೇಕೆ? ನಾವು ಏಕೆ ಆತಂಕಪಡಬೇಕು? (ನವನಗರ, ಬಾಗಲಕೋಟೆ)

ಉತ್ತರ: ನಿವೃತ್ತ ಶಿಕ್ಷಕರಾದ ತಮ್ಮ ಲೆಕ್ಕ ತಪ್ಪಿಲ್ಲ. ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಹೊರಬಿದ್ದರೆ ಅಮೆರಿಕದಲ್ಲಿ ಅದು 14 ಟನ್ನಿನ ಆಸುಪಾಸಿನಲ್ಲಿದೆ. ಒಟ್ಟು ಮೊತ್ತದಲ್ಲಿ ಭಾರತ ಮೂರನೆಯ ಸ್ಥಾನದಲ್ಲಿರುವುದೂ ನಿಜ, ಆ ಮೊತ್ತವನ್ನು ತಲೆಗಳಿಂದ ಭಾಗಿಸದೆ ಹೇಳುವುದು ನ್ಯಾಯವಲ್ಲವೆಂಬುದೂ ನಿಜ. ಹಾಗೆಂದು ನಮ್ಮ ಜಿಲ್ಲೆಗಳು ಬರಿಯ ಬೆವರುವವರ ಸಾಲಿನಲ್ಲಿ ನಿಲ್ಲಲಾರವು. ಪಕ್ಕದ ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರವಿದೆ, ಅದರ ಕರೆಂಟಿನಿಂದ ನಮ್ಮ ಪಂಪ್‌ಸೆಟ್ಟುಗಳೂ ತಿರುಗುತ್ತವೆ.

ಜನಾಭಿಪ್ರಾಯದ ಮಟ್ಟಿಗೆ ಹೇಳುವುದಾದರೆ, ತಮ್ಮ ಪ್ರಶ್ನೆಯನ್ನು ಹೋಲುವ ಪ್ರಶ್ನೆಯನ್ನೇ ಯೇಲ್ ತಂಡ ಕೇಳಿತ್ತು. ಬೇರೆ ದೇಶಗಳ ದಾರಿ ಕಾಯದೆ ಭಾರತ ತನ್ನ ಹೊಗೆಯನ್ನು ಕೂಡಲೇ ಕಡಿಮೆ ಮಾಡಬೇಕೆಂದವರು ಶೇ. 55. ಅವರು ಪರದೇಶದವರ ತಪ್ಪನ್ನು ಮನ್ನಿಸಿದ್ದಾರೆಂದು ಇದರ ಅರ್ಥವಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಪೇಟೆಯನ್ನು ಬಿಟ್ಟುಕೊಟ್ಟು ನವನಗರಕ್ಕೆ ಬಂದವರಿಗೆ, ಲಾಭ ಒಬ್ಬರದು ನಷ್ಟ ಇನ್ನೊಬ್ಬರದು ಎಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಪರಿಹಾರ ಕೇಳುವುದನ್ನೂ ಬಿಡದೆ ಹೊಸ ಊರಿನಲ್ಲಿ ಮನೆ ಕಟ್ಟುವುದನ್ನೂ ನಿಲ್ಲಿಸದೆ ಎರಡನ್ನೂ ಒಟ್ಟಿಗೆ ನಡೆಸಿದವರು ತಾವು.

ಪ್ರಶ್ನೆ: ನಾನು ಬ್ಯಾಂಕ್ ನೌಕರ. ಈ ವಿಷಯ ನನ್ನನ್ನು ಬಹಳ ಕಾಡುತ್ತದೆ, ಆದರೆ ಗೆಳೆಯರ ನಡುವೆ ಎತ್ತಿದರೆ ನಗುತ್ತಾರೇನೋ ಎಂಬ ಸಂಕೋಚದಿಂದ ಸುಮ್ಮನಿರುತ್ತೇನೆ. ಹೀಗೆ ಯೋಚಿಸುವವನು ನಾನೊಬ್ಬನೇ ಏನು? (ಗೋಕಾಕ)

ಉತ್ತರ: ಒಬ್ಬರೇ ಅಲ್ಲ, ಮತ್ತು ಒಬ್ಬರೇ ಎಂದು ತಿಳಿದವರೂ ನೀವೊಬ್ಬರೇ ಅಲ್ಲ. ಈ ಸಲದ ಪ್ರಶ್ನೆಗಳಲ್ಲಿ ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು, ಏಕೆಂದರೆ ಜನಾಭಿಪ್ರಾಯದ ಅಧ್ಯಯನಗಳಲ್ಲಿ ಈಚೆಗೆ ಸಿಕ್ಕ ಅತ್ಯಂತ ಸ್ವಾರಸ್ಯದ ಸಂಗತಿ ಇದಕ್ಕೆ ಸಂಬಂಧಿಸಿದ್ದು. ಪೀಟರ್ ಆಂಡ್ರೆ ಮತ್ತು ಸಂಗಡಿಗರು 125 ದೇಶಗಳ ಸುಮಾರು 1,30,000 ಜನರ ಉತ್ತರಗಳನ್ನು ಪರಿಶೀಲಿಸಿ 2024ರಲ್ಲಿ ನೇಚರ್ ಕ್ಲೈಮೇಟ್ ಚೇಂಜ್ ಪತ್ರಿಕೆಯಲ್ಲಿ ಪ್ರಕಟಿಸಿದರು. ತಾಪಮಾನ ಏರಿಕೆಯನ್ನು ತಡೆಯಲು ನಿಮ್ಮ ತಿಂಗಳ ಆದಾಯದಲ್ಲಿ ಶೇ. 1ರಷ್ಟನ್ನು ಕೊಡುವಿರಾ ಎಂದು ಕೇಳಿದಾಗ ಶೇ. 69ರಷ್ಟು ಮಂದಿ ಕೊಡುತ್ತೇವೆ ಎಂದರು. ನಿಮ್ಮ ದೇಶದವರಲ್ಲಿ ನೂರಕ್ಕೆ ಎಷ್ಟು ಮಂದಿ ಹೀಗೆ ಕೊಡಬಹುದು ಎಂದು ಅವರನ್ನೇ ಕೇಳಿದಾಗ ಸರಾಸರಿ ಬಂದ ಅಂದಾಜು 43. ನಾನಾದರೆ ಕೊಡುತ್ತೇನೆ, ಉಳಿದವರು ಕೊಡಲಾರರು ಎಂಬುದು ಊರೂರಿನ ಅನಿಸಿಕೆ. ಸರ್ಕಾರಗಳು ಇನ್ನೂ ಹೆಚ್ಚು ಮಾಡಬೇಕೆಂದವರು ಅದೇ ಅಧ್ಯಯನದಲ್ಲಿ ಶೇ. 89. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ, 77 ದೇಶಗಳ ಬೇರೊಂದು ಸಮೀಕ್ಷೆಯಲ್ಲಿ ಶೇ. 56ರಷ್ಟು ಜನ ತಾವು ಪ್ರತಿದಿನ ಅಥವಾ ಪ್ರತಿವಾರ ಇದರ ಬಗ್ಗೆ ಯೋಚಿಸುವುದಾಗಿ ಹೇಳಿದ್ದಾರೆ.

ಮಾತು ಬಾಯಿಗೆ ಬಾರದಿರುವುದೇ ಈ ತಪ್ಪು ಅಂದಾಜಿಗೆ ಮುಖ್ಯ ಕಾರಣವೆಂದು ನಮಗೆ ತೋರುತ್ತದೆ. ನಿಮ್ಮದೇ ಊರಿನ ಲೋಳಸೂರ ಸೇತುವೆಯನ್ನು ನೆನೆಯಿರಿ. ಘಟಪ್ರಭೆ ಉಕ್ಕಿ ಸೇತುವೆಯ ಮೇಲೆ ನೀರು ಬಂದ ದಿನ ಪೊಲೀಸರು ಅಡ್ಡ ಇಟ್ಟ ಬ್ಯಾರಿಕೇಡಿನ ಈಚೆ ನೂರಾರು ಜನ ಸೇರುತ್ತಾರೆ. ನಾವೂ ಒಮ್ಮೆ ಅಲ್ಲಿ ಚಹಾದ ಗಾಡಿಯ ಪಕ್ಕ ಎರಡು ತಾಸು ನಿಂತಿದ್ದೆವು. ಹಿಡಕಲ್‌ನಿಂದ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ, ಹಿರಣ್ಯಕೇಶಿಯ ನೀರು ಎಷ್ಟು, ಹೋದ ಸಲ ಗುರುತು ಎಲ್ಲಿಯವರೆಗೆ ಇತ್ತು, ಪರಿಹಾರದ ಪಟ್ಟಿಯಲ್ಲಿ ಯಾರ ಹೆಸರು ಬಿಟ್ಟುಹೋಗಿತ್ತು, ಮಾತೆಲ್ಲ ಇವುಗಳ ಸುತ್ತಲೇ ಇತ್ತು. ಇದು ಹೀಗೇ ಹೆಚ್ಚುತ್ತ ಹೋದರೆ ಮುಂದೇನು ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಕೊನೆಗೆ ಹೊಳೆಯ ದಂಡೆಯ ಊರಿನ ಒಬ್ಬ ಹಿರಿಯರು ಖಾಲಿ ಕಪ್ಪನ್ನು ಗಾಡಿಯ ಮೇಲಿಟ್ಟು, ಮಗನಿಗೆ ದಂಡೆಯ ಮನೆ ಬೇಡ, ಎತ್ತರದ ಪ್ಲಾಟಿನಲ್ಲೇ ಕಟ್ಟು ಎಂದು ಹೇಳಿದ್ದೇನೆ ಎಂದರು. ಪಕ್ಕದಲ್ಲಿದ್ದ ಮೂವರು, ಹಿಂದುಮುಂದು ನೋಡದೆ, ತಾವೂ ಅದನ್ನೇ ಹೇಳಿರುವುದಾಗಿ ತಿಳಿಸಿದರು. ಅಲ್ಲಿಯವರೆಗೆ ಆ ನಾಲ್ವರೂ ತಮ್ಮ ತಮ್ಮ ಮನೆಯಲ್ಲಿ ಮಾತ್ರ ಆಡಿದ್ದ ಮಾತದು.

ಆದ್ದರಿಂದ ಗೆಳೆಯರ ಮುಂದೆ ಭೂಮಂಡಲದ ಭವಿಷ್ಯದಿಂದ ಶುರುಮಾಡಬೇಡಿ. ಹಾಗೆ ಮಾಡಿದರೆ ನಿಜವಾಗಿಯೂ ನಗುತ್ತಾರೆ. ನಿಮ್ಮ ಬ್ಯಾಂಕಿನಲ್ಲಿ ನೆರೆಗೆ ಸಿಕ್ಕ ಮನೆಗಳ ಸಾಲ ಯಾವ ಸ್ಥಿತಿಯಲ್ಲಿದೆ ಎಂಬುದರಿಂದ ಶುರುಮಾಡಿರಿ.

ಪ್ರಶ್ನೆ: ಕಾಳಜಿ ಇದ್ದರೆ ಸಾಕೇ? ನನಗೂ ಇದೆ. ಆದರೆ ಕಬ್ಬು ಬಿಟ್ಟರೆ ನನಗೆ ಬೇರೆ ಬದುಕಿಲ್ಲ. ಹೋದ ಹಂಗಾಮಿನ ಬಿಲ್ಲು ಇನ್ನೂ ಬಂದಿಲ್ಲ, ಮಗಳ ಮದುವೆ ಮುಂದಿದೆ. ನಾನು ಯಾವುದರ ಚಿಂತೆ ಮಾಡಲಿ? (ಮುಧೋಳ ತಾಲೂಕು)

ಉತ್ತರ: ಮನುಷ್ಯನ ಚಿಂತೆಗೂ ಒಂದು ಅಳತೆ ಇದೆ, ಒಂದು ಹೆಚ್ಚಾದರೆ ಇನ್ನೊಂದು ಕಡಿಮೆಯಾಗುತ್ತದೆ ಎಂಬ ವಿಚಾರವನ್ನು ಮನಶ್ಶಾಸ್ತ್ರಜ್ಞೆ ಎಲ್ಕೆ ವೆಬರ್ ಹವಾಮಾನದ ವಿಷಯಕ್ಕೆ ಅನ್ವಯಿಸಿ 2006ರಲ್ಲಿ ಬರೆದಿದ್ದಾರೆ. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದರೆ ಹೊರಗೆ ಚೆಲ್ಲುತ್ತದೆ ಅಷ್ಟೇ. ಬಾರದ ಬಿಲ್ಲು, ಕಡದ ಬಡ್ಡಿ, ಮಗಳ ಮದುವೆ ಇಷ್ಟೂ ತಲೆಯಲ್ಲಿರುವವರು ಮೂವತ್ತು ವರ್ಷಗಳಾಚೆಯ ಬಿಸಿಲಿನ ಬಗ್ಗೆ ನಿದ್ದೆಗೆಡದಿದ್ದರೆ ಅದನ್ನು ಅಜ್ಞಾನವೆಂದು ಕರೆಯುವ ಹಕ್ಕು ಯಾರಿಗೂ ಇಲ್ಲ. ಸಮೀಕ್ಷೆಯಲ್ಲಿ "ಬಹಳ ಆತಂಕವಿದೆ" ಎಂದವರು ಚುನಾವಣೆಯ ಹೊತ್ತಿಗೆ ಬೇರೆ ವಿಷಯದ ಮೇಲೆ ಮತ ಹಾಕುವುದೂ ಇದೇ ಕಾರಣಕ್ಕೆ ಎಂದು ನಮ್ಮ ಊಹೆ.

ಕಬ್ಬು ಬಿಡಿರೆಂದು ನಾವು ಹೇಳುವುದಿಲ್ಲ. ಹಾಗೆ ಹೇಳುವವರು ಬಿಟ್ಟ ಮೇಲೆ ಏನು ಬೆಳೆಯಬೇಕು, ಅದನ್ನು ಯಾರು ಯಾವ ದರಕ್ಕೆ ಕೊಳ್ಳುತ್ತಾರೆ ಎಂಬುದನ್ನೂ ಹೇಳಬೇಕು. ಆದರೆ ಕಬ್ಬಿನ ಒಳಗೇ ಮಾಡಬಹುದಾದದ್ದಿದೆ. ಕಟಾವಾದ ಮೇಲೆ ರವದಿಗೆ (ಕಬ್ಬಿನ ಒಣ ಗರಿಗೆ) ಬೆಂಕಿ ಹಚ್ಚುವ ಬದಲು ಸಾಲು ಬಿಟ್ಟು ಸಾಲಿಗೆ ಹೊದಿಸಿದರೆ ಕುಳೆ ಕಬ್ಬಿಗೆ ನೆಲದ ಹಸಿ ಉಳಿಯುತ್ತದೆ, ಕಸ ಏಳುವುದು ಕಡಿಮೆಯಾಗುತ್ತದೆ, ಕೊಳೆತ ಮೇಲೆ ಗೊಬ್ಬರವಾಗುತ್ತದೆ. ಹಾಯಿ ನೀರು ಬಿಟ್ಟು ಹನಿ ನೀರಾವರಿಗೆ ಹೋದವರು ನಿಮ್ಮ ತಾಲೂಕಿನಲ್ಲೇ ಇದ್ದಾರೆ, ಅವರ ಹೊಲಕ್ಕೆ ಹೋಗಿ ಲೆಕ್ಕ ಕೇಳಿರಿ. ಇದನ್ನು ಹವಾಮಾನದ ಚಿಂತೆಯೆಂದು ಮಾಡಬೇಕಾಗಿಲ್ಲ, ಬಾವಿಯ ನೀರಿನ ಚಿಂತೆಯೆಂದು ಮಾಡಿದರೂ ಆದೀತು.

ಪ್ರಶ್ನೆ: ನನ್ನ ಮಗಳಿಗೆ ಹದಿನೇಳು ವರ್ಷ. ಮೊಬೈಲಿನಲ್ಲಿ ಹಿಮ ಕರಗುವ, ಕಾಡು ಉರಿಯುವ ಸುದ್ದಿ ನೋಡಿ ರಾತ್ರಿ ಮಲಗುವುದಿಲ್ಲ. ಮನೆಯವರು ಇದನ್ನು ಹುಚ್ಚು ಎನ್ನುತ್ತಾರೆ. (ಶಹಾಪುರ, ಬೆಳಗಾವಿ)

ಉತ್ತರ: ಹುಚ್ಚಲ್ಲ ತಾಯಿ. ಭಾರತವೂ ಸೇರಿ 10 ದೇಶಗಳ, 16ರಿಂದ 25 ವಯಸ್ಸಿನ 10,000 ಯುವಜನರನ್ನು ಮಾತನಾಡಿಸಿ 2021ರಲ್ಲಿ ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 59ರಷ್ಟು ಮಂದಿ ತಮಗೆ ತೀವ್ರ ಆತಂಕವಿದೆಯೆಂದೂ, ಶೇ. 45ಕ್ಕೂ ಹೆಚ್ಚು ಮಂದಿ ಅದು ತಮ್ಮ ದಿನನಿತ್ಯದ ಬದುಕನ್ನೇ ತಟ್ಟಿದೆಯೆಂದೂ ಹೇಳಿದ್ದಾರೆ. ಮೊದಲು ರಾತ್ರಿ ಮೊಬೈಲನ್ನು ಅಡುಗೆಮನೆಯಲ್ಲಿಡಿಸಿರಿ, ನಿಮ್ಮದನ್ನೂ ಅಲ್ಲೇ ಇಡಿರಿ. ಮನೆಯವರು ನಗುವುದನ್ನು ನಿಲ್ಲಿಸಿ, ಅವಳು ಏನು ಓದಿದಳೆಂದು ಕೂತು ಕೇಳಲಿ. ರಜೆಯಲ್ಲಿ ಒಮ್ಮೆ ಖಾನಾಪುರದ ಕಣಕುಂಬಿಗೆ, ಮಲಪ್ರಭೆ ಹುಟ್ಟುವಲ್ಲಿಗೆ ಕರೆದುಕೊಂಡು ಹೋಗಿರಿ. ಮೊಬೈಲಿನಲ್ಲಿ ಉರಿಯುವ ಕಾಡನ್ನಷ್ಟೇ ಕಂಡ ಹುಡುಗಿ ನಿಂತ ಕಾಡನ್ನೂ ನೋಡಲಿ. ಎರಡು ವಾರವಾದರೂ ನಿದ್ದೆ, ಊಟ ಸರಿಯಾಗದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಲು ಹಿಂಜರಿಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

ಪ್ರಶ್ನೆ: ಮಳೆ ಕಡಿಮೆಯಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಊರಿನಲ್ಲಿ ನಿಜವಾಗಿ ಕಡಿಮೆಯಾಗಿದೆಯೇ ಎಂದು ತಿಳಿಯುವುದು ಹೇಗೆ? (ಬಸವನ ಬಾಗೇವಾಡಿ)

ಉತ್ತರ: ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆ ಮಾಪಕಗಳನ್ನು ಅಳವಡಿಸಿದೆ. ಅದರ ವರುಣಮಿತ್ರ ಸಹಾಯವಾಣಿಗೆ ಕರೆಮಾಡಿದರೆ ಮಳೆಯ ಮುನ್ಸೂಚನೆ ಸಿಗುತ್ತದೆ. ಆದರೆ ಪಂಚಾಯಿತಿ ಮಟ್ಟದ ಮಾಪಕಗಳು ಈಚಿನವಾದ್ದರಿಂದ 30 ವರ್ಷಗಳ ಲೆಕ್ಕ ಬೇಕಿದ್ದರೆ ತಾಲೂಕು ಕೇಂದ್ರದ ಹಳೆಯ ಮಾಪಕದ ದಾಖಲೆಯನ್ನೇ ಹುಡುಕಬೇಕು. ಸಿಕ್ಕ ಮೇಲೆ ವರ್ಷದ ಒಟ್ಟು ಮಳೆಯನ್ನು ಮಾತ್ರ ನೋಡಬೇಡಿ, ಮಳೆ ಬಿದ್ದ ದಿನಗಳನ್ನೂ ಎಣಿಸಿರಿ. ಒಟ್ಟು ಮೊತ್ತ ಅಷ್ಟೇ ಇದ್ದು ದಿನಗಳು ಕಡಿಮೆಯಾಗಿದ್ದರೆ ನಿಮ್ಮ ಎರಿ ಹೊಲಕ್ಕೆ ಅದು ಬೇರೆಯದೇ ಮಳೆ. ಅದರ ಜೊತೆಗೆ, ಊರಿನಲ್ಲಿ ಯಾರಾದರೂ ಬಿತ್ತಿದ ತಾರೀಖನ್ನು ವರ್ಷ ವರ್ಷ ಬರೆದಿಟ್ಟವರಿದ್ದಾರೆಯೇ ವಿಚಾರಿಸಿರಿ. ಅಂಥ ಒಂದು ಹಳೆಯ ಡೈರಿ ಸಿಕ್ಕರೆ ಅದರ ಪುಟಗಳ ಫೋಟೊ ತೆಗೆದು, ಬರೆದವರ ಒಪ್ಪಿಗೆ ಪಡೆದು, ನಮಗೂ ಒಂದು ಪ್ರತಿ ಕಳಿಸಿರಿ.